ಬಾಡಿಗೆ ಮನೆಯ ಗ್ಯಾಸಿಗೆ ಹೊಣೆ ಯಾರು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಇಲ್ಲಿ ಕುಳಿತಿರುವವರಲ್ಲಿ ಬಹಳ ಮಂದಿ ಬಾಡಿಗೆ ಮನೆಯವರು. ಅಂಗಡಿಯ ಹಿಂದಿನ ಕೋಣೆಯನ್ನೋ ಮೇಲಿನ ಮಾಳಿಗೆಯನ್ನೋ ಬಾಡಿಗೆಗೆ ಕೊಟ್ಟವರೂ ಕೆಲವರಿದ್ದೀರಿ. ಇನ್ನು ಕೆಲವರ ಮಕ್ಕಳು ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋಗಿ ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರುಗಳ ಬಾಡಿಗೆ ಕೋಣೆಗಳಲ್ಲಿದ್ದಾರೆ. ಈ ಮೂರು ಬಗೆಯವರಿಗೂ ಸಂಬಂಧಪಟ್ಟ ಒಂದು ಕಾಯಿದೆಯ ವಿಚಾರವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಬ್ರಿಟನ್ನಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುವವನು ಆ ಮನೆಯ ಗ್ಯಾಸಿನ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಪರೀಕ್ಷೆಯ ಕಾಗದವನ್ನು ಬಾಡಿಗೆದಾರನ ಕೈಗೆ ಕೊಡಲೇಬೇಕು. ಕೊಡದಿದ್ದರೆ ಅದು ಅಪರಾಧ.

ಗಿರಣಿಯವರಿಗೆ ಇದರ ತತ್ವ ಹೊಸದಲ್ಲ. 1863ರಲ್ಲಿ ಕಲಕತ್ತೆಯಲ್ಲಿ ಒಂದು ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತನಿಖೆಯ ಕಾಯಿದೆ ಬಂತು. 1923ರಲ್ಲಿ ಭಾರತದ ಬಾಯ್ಲರ್ ಕಾಯಿದೆ ಆಯಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದಿದೆ. ಕಾಯಿದೆಯ ಹೆಸರು, ವರ್ಷ ಬದಲಾದರೂ ಒಳಗಿನ ಮಾತು ಒಂದೇ: ಬಾಯ್ಲರಿನ ಮಾಲೀಕ ತನಿಖೆ ಮಾಡಿಸಬೇಕು, ಸರ್ಟಿಫಿಕೇಟು ಪಡೆಯಬೇಕು, ಅದರ ಅವಧಿ ಮುಗಿದರೆ ಬೆಂಕಿ ಹಾಕಕೂಡದು. ಬಾಯ್ಲರಿನ ಮುಂದೆ ನಿಂತು ದುಡಿಯುವ ಫೈರ್‌ಮನ್ನನಿಗೆ "ನೀನೇ ನೋಡಿಕೊಂಡು ಬದುಕಿಕೊ" ಎಂದು ಯಾರೂ ಹೇಳುವಂತಿಲ್ಲ. ವ್ಯಾಪಾರಿಗಳಿಗೂ ಈ ನ್ಯಾಯ ಗೊತ್ತು. ತಕ್ಕಡಿಗೆ, ತೂಕದ ಕಲ್ಲಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವವನು ಅಂಗಡಿಕಾರ. ಗಿರಾಕಿ ಮನೆಯಿಂದ ತಕ್ಕಡಿ ತರುವುದಿಲ್ಲ.

ಮನೆಯ ಗೋಡೆಯ ಒಳಗೆ ಇದೇ ನ್ಯಾಯ ಬೇಕೋ ಬೇಡವೋ ಎಂಬುದೇ ಪ್ರಶ್ನೆ. ಬ್ರಿಟನ್ನಿನಲ್ಲಿ ಬೇಕು ಎಂದು ತೀರ್ಮಾನವಾಯಿತು. ಏಕೆ ಎಂಬುದನ್ನು ಮೊದಲು ನೋಡೋಣ.

ಅದು ಚಳಿಯ ದೇಶ. ಅಲ್ಲಿನ ಬಹುಪಾಲು ಮನೆಗಳಿಗೆ ಬೀದಿಯ ಕೊಳವೆಯಿಂದ ಗ್ಯಾಸು ಬರುತ್ತದೆ. ಅಡಿಗೆಮನೆಯ ಗೋಡೆಗೋ ಒಂದು ಕಪಾಟಿನೊಳಗೋ ಚಿಕ್ಕ ಪೆಟ್ಟಿಗೆಯಂಥ ಬಾಯ್ಲರ್ ಇರುತ್ತದೆ. ಸ್ನಾನದ ನೀರು ಕಾಯುವುದೂ ಅದರಿಂದ, ಕೋಣೆಗಳು ಬೆಚ್ಚಗಾಗುವುದೂ ಅದರಿಂದ. ಚಳಿಗಾಲದಲ್ಲಿ ಕಿಟಕಿ ಬಾಗಿಲುಗಳೆಲ್ಲ ಭದ್ರವಾಗಿ ಮುಚ್ಚಿರುತ್ತವೆ. ಗ್ಯಾಸಿಗೆ ಸಾಕಷ್ಟು ಗಾಳಿ ಸಿಕ್ಕಿ, ಉರಿದ ಹೊಗೆ ಕೊಳವೆಯ ಮೂಲಕ ಹೊರಗೆ ಹೋದರೆ ತೊಂದರೆಯಿಲ್ಲ. ಗಾಳಿ ಸಾಲದೆ ಹೋದರೆ, ಅಥವಾ ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದರೆ, ಅಥವಾ ಬರ್ನರಿನಲ್ಲಿ ಕಸ ತುಂಬಿದರೆ, ಗ್ಯಾಸು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ.

ಈ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗ್ಯಾಸು ಸೋರಿದರೆ ನಮಗೆ ವಾಸನೆ ಬರುವುದು, ಸೋರಿದ್ದು ತಿಳಿಯಲೆಂದೇ ಅದಕ್ಕೆ ವಾಸನೆಯನ್ನು ಬೆರೆಸಿರುವುದರಿಂದ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಆ ಎಚ್ಚರಿಕೆಯೂ ಇಲ್ಲ. ನಮ್ಮ ರಕ್ತ ಪ್ರಾಣವಾಯುವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಸುಸ್ತು ಬರುತ್ತವೆ. ಶೀತಜ್ವರವಿರಬೇಕೆಂದು ಮನುಷ್ಯ ಹೊದ್ದು ಮಲಗುತ್ತಾನೆ. ಕೆಲವರು ಮತ್ತೆ ಏಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ವಿಷಗಾಳಿಯ ಭಯದಿಂದಲೇ.

ಇನ್ನೊಂದು ಅಪಾಯ ಸ್ಫೋಟ. 1968ರ ಮೇ 16ರ ಬೆಳಗಿನ ಜಾವ, ಪೂರ್ವ ಲಂಡನ್ನಿನ ನ್ಯೂಹ್ಯಾಮಿನಲ್ಲಿ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ ಹದಿನೆಂಟನೆಯ ಅಂತಸ್ತಿನಲ್ಲಿ ಒಬ್ಬ ಹೆಂಗಸು ಚಹಾ ಮಾಡಲೆಂದು ಎದ್ದು ಕಡ್ಡಿ ಗೀರಿದಳು. ರಾತ್ರಿಯೆಲ್ಲ ಸೋರಿ ತುಂಬಿದ್ದ ಗ್ಯಾಸು ಸಿಡಿಯಿತು. ಗೋಡೆ ಹಾರಿತು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳತನಕ ಇಸ್ಪೀಟು ಎಲೆಗಳಂತೆ ಕುಸಿಯಿತು. ನಾಲ್ವರು ಸತ್ತರು. ಕಡ್ಡಿ ಗೀರಿದಾಕೆ ಬದುಕಿ ಉಳಿದಳು. ಅದು ಊರಿನ ಕೌನ್ಸಿಲು ಕಟ್ಟಿಸಿ ಬಡವರಿಗೆ ಬಾಡಿಗೆಗೆ ಕೊಟ್ಟ ಹೊಚ್ಚ ಹೊಸ ಕಟ್ಟಡ. ವಿಚಾರಣೆ ನಡೆಸಿದವರು ಕಂಡುಕೊಂಡದ್ದೇನು? ಒಲೆಗೆ ಗ್ಯಾಸಿನ ಕೊಳವೆ ಸೇರಿಸಿದ್ದ ಹಿತ್ತಾಳೆಯ ನಟ್ಟು ಕಳಪೆಯಾಗಿತ್ತು, ಅದು ಒಡೆದಿತ್ತು. ಕಟ್ಟಡದ ರಚನೆಯೂ ಅಂಥ ಪೆಟ್ಟನ್ನು ತಾಳುವಂತಿರಲಿಲ್ಲ.

ಆ ನಟ್ಟು ಕಳಪೆಯೆಂದು ಆ ಹೆಂಗಸಿಗೆ ಹೇಗೆ ತಿಳಿಯಬೇಕಿತ್ತು? ಹೊಗೆಕೊಳವೆಯೊಳಗೆ ಹಕ್ಕಿಗೂಡು ಇದೆಯೆಂದು ರಾತ್ರಿಪಾಳಿ ಮುಗಿಸಿ ಬಂದು ಮಲಗುವ ಕೆಲಸಗಾರನಿಗೆ ಹೇಗೆ ತಿಳಿಯಬೇಕು? ಕಣ್ಣಿಗೆ ಕಾಣದ ಅಪಾಯವನ್ನು ನೋಡಲು ಕಸುಬು ಗೊತ್ತಿರುವವನೇ ಬೇಕು. ಅವನನ್ನು ಕರೆಸುವ ಹೊಣೆ ಬಾಡಿಗೆ ಎಣಿಸಿಕೊಳ್ಳುವವನ ಮೇಲಿರಬೇಕು. ಕಾಯಿದೆಯ ಸಾರ ಇಷ್ಟೇ.

ಈಗ ಕಾಯಿದೆಯ ವಿವರ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಅನ್ವಯಿಸುವ 1998ರ ಗ್ಯಾಸ್ ಸುರಕ್ಷತಾ ನಿಯಮಗಳಲ್ಲಿ 36ನೆಯ ನಿಯಮ ಮನೆ ಮಾಲೀಕರ ಹೊಣೆಯನ್ನು ಹೇಳುತ್ತದೆ. ಖಾಸಗಿ ಮಾಲೀಕನಿರಲಿ, ಊರಿನ ಕೌನ್ಸಿಲಿರಲಿ, ಹಾಸ್ಟೆಲು ನಡೆಸುವವನಿರಲಿ, ಎಲ್ಲರಿಗೂ ಒಂದೇ ನಿಯಮ. ತಾನು ಕೊಟ್ಟ ಗ್ಯಾಸ್ ಉಪಕರಣ, ಕೊಳವೆ, ಹೊಗೆಕೊಳವೆಗಳನ್ನು ಮಾಲೀಕ ಸುಸ್ಥಿತಿಯಲ್ಲಿಡಬೇಕು. ಉಪಕರಣ ಮತ್ತು ಹೊಗೆಕೊಳವೆಗಳನ್ನು 12 ತಿಂಗಳೊಳಗೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಮುಗಿದ 28 ದಿನದೊಳಗೆ ಅದರ ದಾಖಲೆಯ ಪ್ರತಿಯನ್ನು ವಾಸವಾಗಿರುವ ಬಾಡಿಗೆದಾರನಿಗೆ ಕೊಡಬೇಕು. ಹೊಸ ಬಾಡಿಗೆದಾರನಿಗೆ ಅವನು ಮನೆ ಹೊಗುವ ಮೊದಲೇ ಕೊಡಬೇಕು. ಬಾಡಿಗೆದಾರ ತಾನೇ ತಂದುಕೊಂಡ ಒಲೆಗೆ ಮಾತ್ರ ಮಾಲೀಕ ಹೊಣೆಯಲ್ಲ.

ಪರೀಕ್ಷೆಯನ್ನು ಯಾರೋ ಪರಿಚಯದ ನಲ್ಲಿ ರಿಪೇರಿಯವನಿಂದ ಮಾಡಿಸುವಂತಿಲ್ಲ. 2009ರ ಏಪ್ರಿಲ್ 1ರಿಂದ ಅಲ್ಲಿ 'ಗ್ಯಾಸ್ ಸೇಫ್ ರಿಜಿಸ್ಟರ್' ಎಂಬ ಪಟ್ಟಿಯಿದೆ. ಅದಕ್ಕೂ ಮುಂಚೆ ಆ ಕೆಲಸವನ್ನು 'ಕಾರ್ಗಿ' ಎಂಬ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಆ ಪಟ್ಟಿಯಲ್ಲಿರುವ ಇಂಜಿನಿಯರಿಗೇ ಅಧಿಕಾರ. ಅವನ ಬಳಿ ಭಾವಚಿತ್ರವಿರುವ ಗುರುತಿನ ಚೀಟಿ ಇರುತ್ತದೆ. ಚೀಟಿಯ ಹಿಂಭಾಗದಲ್ಲಿ ಅವನು ಯಾವ ಯಾವ ಕೆಲಸಕ್ಕೆ ಅರ್ಹನೆಂದು ಬರೆದಿರುತ್ತದೆ. ಬಾಗಿಲಲ್ಲೇ ಅದನ್ನು ತಿರುಗಿಸಿ ನೋಡುವ ಹಕ್ಕು ಬಾಡಿಗೆದಾರನಿಗಿದೆ. ಅವನು ಬಂದು ಉರಿ ಸರಿಯಿದೆಯೇ, ಒತ್ತಡ ಸರಿಯಿದೆಯೇ, ಗಾಳಿ ಸಾಕಷ್ಟು ಬರುತ್ತದೆಯೇ, ಹೊಗೆ ಹೊರಗೆ ಹೋಗುತ್ತದೆಯೇ, ಕೆಟ್ಟರೆ ತಾನಾಗಿ ಆರಿಹೋಗುವ ವ್ಯವಸ್ಥೆ ಕೆಲಸ ಮಾಡುತ್ತದೆಯೇ ಎಂದು ನೋಡುತ್ತಾನೆ. ಕಂಡ ದೋಷವನ್ನೂ ಅದಕ್ಕೆ ಮಾಡಿದ ಕ್ರಮವನ್ನೂ ಬರೆದು, ತನ್ನ ಪಟ್ಟಿಯ ಸಂಖ್ಯೆ ಹಾಕಿ ರುಜು ಮಾಡುತ್ತಾನೆ.

ಮಾಲೀಕರ ಕಷ್ಟವನ್ನೂ ಸರಕಾರ ಕೇಳಿದೆ. ಗಡುವಿಗೆ ಮೊದಲೇ ಪರೀಕ್ಷೆ ಮಾಡಿಸಿದರೆ ವರ್ಷದಲ್ಲಿ ಕೆಲವು ವಾರ ನಷ್ಟವಾಗುತ್ತದೆಂದು ಅವರು ದೂರುತ್ತಿದ್ದರು. 2018ರಲ್ಲಿ ನಿಯಮ ತಿದ್ದಿ, ಗಡುವಿನ ಹಿಂದಿನ ಎರಡು ತಿಂಗಳೊಳಗೆ ಮಾಡಿಸಿದರೂ ಹಳೆಯ ತಾರೀಖನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟರು. ಬಾಡಿಗೆದಾರ ಬಾಗಿಲು ತೆರೆಯದಿದ್ದರೆ ಮಾಲೀಕ ಬಲವಂತದಿಂದ ನುಗ್ಗುವಂತಿಲ್ಲ. ಆದರೆ ತಾನು ಪತ್ರ ಬರೆದದ್ದು, ಮತ್ತೆ ಮತ್ತೆ ಬಂದದ್ದು ಇವಕ್ಕೆ ದಾಖಲೆ ಇಟ್ಟಿದ್ದರೆ ಅವನಿಗೆ ರಕ್ಷಣೆಯುಂಟು. ಪ್ರಾಮಾಣಿಕ ಮಾಲೀಕನಿಗೆ ಈ ಕಾಯಿದೆ ಶತ್ರುವಲ್ಲ. ಖರ್ಚಿನ ಮಾತೂ ಬಂತು. ಒಂದು ಪರೀಕ್ಷೆಗೆ ಆಗುವುದು ಲಂಡನ್ನಿನ ಒಂದು ತಿಂಗಳ ಬಾಡಿಗೆಯ ಸಣ್ಣ ಪಾಲು. ಇಂಗ್ಲೆಂಡಿನಲ್ಲಿ 2019ರಿಂದ ಕಾಯಿದೆ ಒಪ್ಪಿದ ಬಾಬ್ತುಗಳ ಹೊರತು ಬೇರೆ ಶುಲ್ಕವನ್ನು ಬಾಡಿಗೆದಾರನಿಂದ ವಸೂಲು ಮಾಡಕೂಡದು. ಗ್ಯಾಸ್ ಪರೀಕ್ಷೆಯ ಖರ್ಚು ಆ ಬಾಬ್ತುಗಳಲ್ಲಿ ಇಲ್ಲ. ಹೊಣೆ ತಪ್ಪಿಸಿದವನಿಗೆ ಜುಲ್ಮಾನೆಯೂ ಉಂಟು, ಸೆರೆಮನೆಯೂ ಉಂಟು.

ಮಿತ್ರರೆ, ಇಷ್ಟು ಕೇಳಿ ಅಲ್ಲಿ ಎಲ್ಲವೂ ಸರಿಯಿದೆಯೆಂದು ತಿಳಿಯಬೇಡಿ. ಕಾಯಿದೆ ಇದ್ದೂ ಅದು ಬಡವನ ಕೈಗೆ ಎಟುಕದೆ ಹೋಗುವ ದಾರಿ ಒಂದಿದೆ. ಅದು ಹೆದರಿಕೆ. ಒಂದೇ ಕೋಣೆಯಲ್ಲಿ ನಾಲ್ಕು ಮಂದಿ ಇರುವ ಹುಡುಗರು ಮಾಲೀಕನನ್ನು "ಗ್ಯಾಸಿನ ಕಾಗದ ಎಲ್ಲಿ ಸ್ವಾಮಿ?" ಎಂದು ಕೇಳುತ್ತಾರೆಯೇ? ಕೇಳಿದರೆ ಮನೆ ಬಿಡಿ ಎನ್ನುತ್ತಾನೆಂಬ ಭಯ. 1988ರ ವಸತಿ ಕಾಯಿದೆಯ 21ನೆಯ ಕಲಮಿನ ಪ್ರಕಾರ ಇಂಗ್ಲೆಂಡಿನ ಮಾಲೀಕ ಯಾವ ಕಾರಣವನ್ನೂ ಹೇಳದೆ ಎರಡು ತಿಂಗಳ ನೋಟೀಸು ಕೊಟ್ಟು ಮನೆ ಬಿಡಿಸಲು ಹೊರಡಬಹುದಾಗಿತ್ತು. 2015ರ ಅಕ್ಟೋಬರಿನಿಂದ ಹೊಸ ಬಾಡಿಗೆಗಳಿಗೆ ಅದಕ್ಕೊಂದು ಕಡಿವಾಣ ಬಿತ್ತು: ಗ್ಯಾಸಿನ ಕಾಗದ ಕೊಡದ ಮಾಲೀಕನ ನೋಟೀಸು ಊರ್ಜಿತವಲ್ಲ. ಮನೆ ಹೊಗುವ ಮೊದಲು ಕೊಡದೆ ತಡವಾಗಿ ಕೊಟ್ಟರೆ ಏನು ಗತಿ ಎಂಬ ವ್ಯಾಜ್ಯ ಅಪೀಲು ನ್ಯಾಯಾಲಯದವರೆಗೆ ಹೋಯಿತು. 2020ರಲ್ಲಿ ಮೂವರು ನ್ಯಾಯಾಧೀಶರಲ್ಲಿ ಇಬ್ಬರು, ನೋಟೀಸಿಗೆ ಮುಂಚೆ ಕೊಟ್ಟರೆ ಸಾಕು ಎಂದರು. ಒಬ್ಬರು ಒಪ್ಪಲಿಲ್ಲ. ಕೊನೆಗೆ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯಿದೆ ಕಾರಣವಿಲ್ಲದ ಈ ತೆರವನ್ನೇ ತೆಗೆದುಹಾಕಿತು. ಅದು ಜಾರಿಗೆ ಬರಲು 2026ರ ಮೇ 1 ಗೊತ್ತಾಯಿತು.

ಇದರಿಂದ ನಾವು ತಿಳಿಯಬೇಕಾದದ್ದು ಏನು? ಪರೀಕ್ಷೆಯ ಹಕ್ಕು ಮತ್ತು ಮನೆಯಲ್ಲಿ ನಿಲ್ಲುವ ಹಕ್ಕು ಒಂದೇ ನೊಗದ ಎರಡು ಎತ್ತು. ಕೇಳಿದ್ದಕ್ಕೆ ಬೀದಿಗೆ ಬೀಳುವ ಭಯವಿರುವವರೆಗೆ ಕಾಗದದ ಮೇಲಿನ ಹಕ್ಕು ಕಾಗದದ ಮೇಲೆಯೇ ಇರುತ್ತದೆ. ಗಿರಣಿಯಲ್ಲಿ ಯಂತ್ರಕ್ಕೆ ಕಟಕಟೆ ಹಾಕಿಸಿ ಎಂದು ಒಬ್ಬನೇ ಕೇಳಿದರೆ ಅವನ ಗತಿ ಏನಾಗುತ್ತದೆ, ಯೂನಿಯನ್ನಿನ ಮೂಲಕ ಕೇಳಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಇನ್ನು ನಮ್ಮ ಊರಿನ ಮಾತು. ಇಲ್ಲಿ ಬೀದಿಯ ಕೊಳವೆಯ ಗ್ಯಾಸಿಗಿಂತ ಸಿಲಿಂಡರೇ ಹೆಚ್ಚು. ಒಲೆಯೂ ಸಿಲಿಂಡರೂ ಸಾಮಾನ್ಯವಾಗಿ ಬಾಡಿಗೆದಾರನವೇ. ಆದ್ದರಿಂದ ಇಂಗ್ಲೆಂಡಿನ ಕಾಯಿದೆಯನ್ನು ಇದ್ದಂತೆಯೇ ತಂದು ನೆಟ್ಟರೆ ಬೇರು ಹಿಡಿಯದು. ಆದರೆ ಬಚ್ಚಲಮನೆಯಲ್ಲಿ ಮಾಲೀಕನೇ ಕೂಡಿಸಿಕೊಟ್ಟ ಗ್ಯಾಸ್ ಗೀಸರ್ ಇದ್ದರೆ? ಬೆಂಗಳೂರಿನಲ್ಲಿ ಮುಚ್ಚಿದ ಬಚ್ಚಲಮನೆಯೊಳಗೆ ಗ್ಯಾಸ್ ಗೀಸರಿನ ವಿಷಗಾಳಿಗೆ ಜನ ಸತ್ತ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿದ್ದೀರಿ. ಲಂಡನ್ನಿನ ಬಾಯ್ಲರಿನಿಂದ ಬರುವ ವಿಷವೂ ಅದೇ. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯ ಪಟ್ಟಿಯನ್ನು ನೋಡಿರಿ. ಸುಣ್ಣ ಬಣ್ಣ, ಕೊಳವೆ, ವಿದ್ಯುತ್ ತಂತಿ ಇವು ಮಾಲೀಕನ ಪಾಲು. ಗೀಸರಿನ ರಿಪೇರಿ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರನ ಪಾಲು. ಗೋಡೆಯ ಸುಣ್ಣಕ್ಕೆ ಒಡೆಯ ಹೊಣೆ, ಉಸಿರಿಗೆ ಒಕ್ಕಲು ಹೊಣೆ. ಈ ಹಂಚಿಕೆ ನ್ಯಾಯವೇ? ಇದನ್ನು ನಮ್ಮ ಶಾಸಕರ ಮುಂದೆ ಕೇಳಬೇಕಾದವರು ನಾವು.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮನೆ ಬಾಡಿಗೆಗೆ ಕೊಟ್ಟ ವ್ಯಾಪಾರಿ ಮಿತ್ರರಲ್ಲಿ ನನ್ನ ವಿನಂತಿ: ಗ್ಯಾಸ್ ಗೀಸರನ್ನು ಬಚ್ಚಲಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಗವಾಕ್ಷಿಯನ್ನು ಮುಚ್ಚಬೇಡಿ. ವರ್ಷಕ್ಕೊಮ್ಮೆ ಕಸುಬು ಬಲ್ಲವನಿಂದ ನೋಡಿಸಿ, ನೋಡಿದ ತಾರೀಖನ್ನು ಬರೆಸಿ ಒಕ್ಕಲಿಗೆ ಕೊಡಿ. ಬಾಡಿಗೆ ಇರುವವರು ಕರಾರು ಪತ್ರ ಬರೆಯುವಾಗಲೇ ಈ ಮಾತನ್ನು ಸೇರಿಸಿ. ಉರಿ ನೀಲಿಯಿರಬೇಕು. ಹಳದಿಯಾಗಿ ಸೋಮಾರಿಯಂತೆ ತೂಗಾಡುತ್ತಿದ್ದರೆ, ಸುತ್ತ ಮಸಿ ಹಿಡಿದಿದ್ದರೆ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು ಹೊರಗೆ ಹೋದರೆ ಇಳಿಯುತ್ತಿದ್ದರೆ, ತಕ್ಷಣ ಆರಿಸಿ, ಬಾಗಿಲು ತೆರೆದು ಹೊರಗೆ ಬನ್ನಿ, ವೈದ್ಯರಿಗೆ ತೋರಿಸಿ.

ಮಕ್ಕಳು ಇಂಗ್ಲೆಂಡಿನಲ್ಲಿರುವ ತಾಯಿತಂದೆಯರಿಗೆ ಕೊನೆಯ ಮಾತು. ಫೋನಿನಲ್ಲಿ "ಊಟ ಆಯಿತೇ ಮಗಾ" ಎಂದು ಕೇಳುವಾಗ ಇನ್ನೆರಡು ಪ್ರಶ್ನೆ ಕೇಳಿ. ಮನೆಯ ಗ್ಯಾಸ್ ಪರೀಕ್ಷೆಯ ಕಾಗದ ನಿನ್ನ ಕೈಗೆ ಬಂದಿದೆಯೇ? ಅದರ ಮೇಲಿನ ತಾರೀಖು ಒಂದು ವರ್ಷದೊಳಗಿನದೇ? ಬಾಯ್ಲರ್ ಇರುವ ಕೋಣೆಯಲ್ಲಿ ವಿಷಗಾಳಿ ಬಂದರೆ ಕೂಗುವ ಯಂತ್ರವನ್ನು ಮಾಲೀಕ ಹಾಕಿಸಬೇಕೆಂದು ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ನಿಯಮವಿದೆ. ಅದೂ ಇದೆಯೇ ಎಂದು ವಿಚಾರಿಸಿ. ಗ್ಯಾಸಿನ ವಾಸನೆ ಬಂದರೆ ಅಲ್ಲಿ ಹಗಲಿರುಳೂ ಉತ್ತರಿಸುವ ಸಂಖ್ಯೆ 0800 111 999. ಬರೆದುಕೊಳ್ಳಲು ಹೇಳಿ. ಕಾಗದ ಇಲ್ಲವೆಂದು ಮಗ ಹೇಳಿದರೆ, ಮಾಲೀಕನಿಗೆ ಬರೆದು ಕೇಳು, ಜೊತೆಯಲ್ಲಿರುವವರೆಲ್ಲ ಸೇರಿ ರುಜು ಹಾಕಿ ಕೇಳಿ ಎನ್ನಿ. ಅವನೇನೂ ದಯೆ ಬೇಡುತ್ತಿಲ್ಲ. ಬಾಡಿಗೆ ಕೊಟ್ಟವನಿಗೆ ಸಲ್ಲಬೇಕಾದದ್ದನ್ನು ಕೇಳುತ್ತಿದ್ದಾನೆ.