ಕಾಡುಪಾಪಕ್ಕೆ ಒಂದು ಕೊಂಬೆ

ಕಾಡಿನ ಸಣ್ಣ ಸಸ್ತನಿಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಬೆಂಗಳೂರಿನ ನಮ್ಮ ಬಡಾವಣೆ ಸಂಘದ ಹಿರಿಯರೊಬ್ಬರು, "ತಣಿಸಂದ್ರದಲ್ಲಿ ಉಳಿದಿರೋದು ಹೆಗ್ಗಣ ಒಂದೇ ಸ್ವಾಮಿ" ಎಂದು ನಕ್ಕರು. ಹೆಗ್ಗಣವೂ ಸಸ್ತನಿಯೇ! ಜಗತ್ತಿನ ಸಸ್ತನಿ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲಿ-ಅಳಿಲುಗಳ ಬಳಗ ಮತ್ತು ಬಾವಲಿಗಳೇ. ಆದರೂ ನಾವು ಕಾಡು ಕಾಯುವುದು ಹುಲಿ, ಆನೆಗಳ ಲೆಕ್ಕದಲ್ಲಿ.

ಆ ಲೆಕ್ಕಕ್ಕೆ ಸಿಗದ ಸಣ್ಣ ಪ್ರಾಣಿಯೊಂದು ನಮ್ಮ ಪಕ್ಕದಲ್ಲೇ ಇದೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಡುಪಾಪ ಇದೆ. ಕಾಲು ಕೆ.ಜಿ. ಆಸುಪಾಸಿನ ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಹುಳುಹುಪ್ಪಟೆ, ಮರದ ಅಂಟು ತಿಂದು ಬದುಕುತ್ತದೆ. ತನ್ನ ಮೂತ್ರವನ್ನೇ ಅಂಗೈ ಅಂಗಾಲಿಗೆ ಸವರಿಕೊಳ್ಳುವ ಅಭ್ಯಾಸವೂ ಇದೆ. ಕೋತಿಗಳ ದೂರದ ನೆಂಟನಾದರೂ ಇದಕ್ಕೆ ನೆಗೆಯಲು ಬರುವುದಿಲ್ಲ. ಒಂದು ಕೊಂಬೆ ಬಿಗಿಯಾಗಿ ಹಿಡಿದ ಮೇಲೇ ಇನ್ನೊಂದನ್ನು ಬಿಡುತ್ತದೆ. ಎರಡು ಮರಗಳ ನಡುವೆ ಕೊಂಬೆ ಕತ್ತರಿಸಿದಿರಿ ಅನ್ನಿ, ಅಲ್ಲಿಗೆ ಅದರ ಊರಿನ ಗಡಿ ಮುಗಿಯಿತು. ನೆಲಕ್ಕಿಳಿದರೆ ನಾಯಿ, ವಾಹನ. ತಂತಿ ಹಿಡಿದರೆ ಕರೆಂಟು. ಇದರ ಜೊತೆಗೆ ಮಾಟ-ಮಂತ್ರಕ್ಕೆಂದು ಹಿಡಿಯುವ ನೀಚತನ ಬೇರೆ.

2014ರಲ್ಲಿ ಸಂಶೋಧಕಿ ಕಾಬೇರಿ ಕರ್ ಗುಪ್ತ ಅವರು ಬೆಂಗಳೂರಿನ ಕಾಡುಪಾಪಗಳನ್ನು ಹುಡುಕುವ ಯೋಜನೆ ಶುರುಮಾಡಿದಾಗ ಟಾರ್ಚ್ ಹಿಡಿದು ರಾತ್ರಿ ನಡೆದವರಲ್ಲಿ ನಮ್ಮ ನಿಮ್ಮಂಥ ಸಾಮಾನ್ಯರೂ ಇದ್ದರು. ಬೆಳಕು ಬಿದ್ದರೆ ಎಲೆಗಳ ನಡುವೆ ಎರಡು ಕೆಂಡ ಹೊಳೆಯುತ್ತವೆ. ಅದೇ ಗುರುತು.

ಇನ್ನೊಂದು ಕಥೆ ಕೋಲಾರದ್ದು. ಅಲ್ಲಿನ ಹನುಮನಹಳ್ಳಿಯ ಕಲ್ಲುಗುಡ್ಡದ ಗವಿಯಲ್ಲಿ ಒಂದು ಬಾವಲಿ ಇದೆ. 1994ರಲ್ಲಿ ಅದನ್ನು ಹೊಸ ಜಾತಿಯೆಂದು ವಿಜ್ಞಾನಿಗಳು ದಾಖಲಿಸಿದರು. ಕೋಲಾರ ಎಲೆಮೂಗಿನ ಬಾವಲಿ ಎನ್ನಬಹುದು. ಅದರ ಕೂಗು ಹೊರಡುವುದು ಮೂಗಿನಿಂದ. ಮೂಗಿನ ಮೇಲಿನ ಎಲೆಯಂಥ ಮಡಿಕೆ ಆ ಸದ್ದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ನಾವು ದೂರದವರನ್ನು ಕೂಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಹಿಂದೆ ಈ ಬಾವಲಿ ಅದೇ ಕೋಲಾರದ ತೇರಹಳ್ಳಿಯ ಗವಿಯಲ್ಲೂ ಇತ್ತು, ಆಮೇಲೆ ಅಲ್ಲಿ ಕಾಣಲಿಲ್ಲ. ಈಗ ಇಡೀ ಭೂಮಿಯ ಮೇಲೆ ಇದಕ್ಕಿರುವ ವಿಳಾಸ ಹನುಮನಹಳ್ಳಿ ಒಂದೇ. ಸಂಖ್ಯೆ ಇನ್ನೂರರ ಒಳಗೆ. ಅದರ ಮನೆಯೇ ಗ್ರಾನೈಟು, ಗ್ರಾನೈಟಿಗೆ ಬೆಲೆ ಇದೆ. ಕಲ್ಲು ಒಡೆಯುವವರು ಗುಡ್ಡಕ್ಕೇ ಕೈಹಾಕಿದ್ದರು. ಕೊನೆಗೆ ಅರಣ್ಯ ಇಲಾಖೆ ಕ್ವಾರಿ ನಿಲ್ಲಿಸಿತು. ಗವಿಯ ಸುತ್ತ 30 ಎಕರೆ ರಕ್ಷಣೆಗೆ ಬಂತು.

ಮೂವತ್ತೇ ಎಕರೆ! ನಮ್ಮಲ್ಲಿ ಒಂದು ಲೇಔಟಿಗೆ ಅಷ್ಟು ಜಾಗ ಸಾಲದು. ಬಂಡೀಪುರದ ಅಳತೆಯಲ್ಲಿ ಯೋಚಿಸುವ ಕಣ್ಣಿಗೆ ಇಂಥದ್ದು ಬೀಳುವುದೇ ಇಲ್ಲ. ಹುಲಿಗೆ ವಿಸ್ತಾರ ಬೇಕು. ಸಣ್ಣ ಪ್ರಾಣಿ ಕೇಳುವುದು ಇಂಥದ್ದೇ ಗವಿ, ಇಂಥದ್ದೇ ಕೊಂಬೆ. ಅದೊಂದು ಹೋದರೆ, ಕಾಡು ನೋಡಲು ಹಾಗೇ ಇರುತ್ತದೆ, ಪ್ರಾಣಿ ಇರುವುದಿಲ್ಲ. ದೊಡ್ಡ ಅರಣ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಅದೊಂದೇ ಸಾಲದು ಎನ್ನುತ್ತಿದ್ದೇನೆ.

ಮುಂದಿನ ಸಲ ನಿಮ್ಮ ಬೀದಿಗೆ ಕೊಂಬೆ ಕಡಿಯುವವರು ಬಂದಾಗ ಒಂದು ಕ್ಷಣ ತಲೆಯೆತ್ತಿ ನೋಡಿ. ಕರೆಂಟು ತಂತಿಗೆ ತಾಗದೆ ಎರಡು ಮರಗಳನ್ನು ಬೆಸೆದಿರುವ ಕೊಂಬೆ ಕಂಡರೆ, "ಅದೊಂದು ಬಿಟ್ಟುಬಿಡಿ ಅಣ್ಣ" ಅನ್ನಿ.