ಎರಡು ಅಂಕಿ, ಒಂದು ಚುಕ್ಕೆ

ನಿಮ್ಮ ಊರು ಎಲ್ಲಿ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಪೇಟೆಯಿಂದ ಒಂದೂವರೆ ಹರಿದಾರಿ, ಕೆರೆಯ ಏರಿ ದಾಟಿದರೆ ಹುಣಿಸೆಯ ತೋಪು, ಅದರ ಬಲಕ್ಕೆ ಮಾರಿಗುಡಿ, ಅಲ್ಲಿಂದ ಕೂಗಳತೆ ಎಂದು ಹೇಳುತ್ತೀರಿ. ಕೇಳಿದವನಿಗೂ ಅಷ್ಟೇ ಸಾಕು. ಆದರೆ ಗಣಕಯಂತ್ರಕ್ಕೆ ಮಾರಿಗುಡಿಯೂ ತಿಳಿಯದು, ತೋಪೂ ತಿಳಿಯದು. ಅದಕ್ಕೆ ಬೇಕಾದದ್ದು ಎರಡೇ ಅಂಕಿ. ಭೂಮಧ್ಯರೇಖೆಯಿಂದ ಎಷ್ಟು ಬಡಗಣಕ್ಕಿದ್ದೀರಿ ಎಂಬುದು ಅಕ್ಷಾಂಶ. ಗ್ರೀನಿಚ್ಚಿನಿಂದ ಎಷ್ಟು ಮೂಡಣಕ್ಕಿದ್ದೀರಿ ಎಂಬುದು ರೇಖಾಂಶ. ಈ ಎರಡನ್ನು ಕೊಟ್ಟರೆ ಅದು ಒಂದು ಚುಕ್ಕೆ ಇಡುತ್ತದೆ. ನೂರು ಜೋಡಿ ಕೊಟ್ಟರೆ ಎವೆಯಿಕ್ಕುವಷ್ಟರಲ್ಲಿ ನೂರು ಚುಕ್ಕೆ. ಆ ಚುಕ್ಕೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಕ್ಷೆಯ ವಿಷಯವನ್ನು ರೇಡಿಯೋದಲ್ಲಿ ಹೇಳುವುದೆಂದರೆ ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದಂತೆ. ತಾವು ತುಸು ಸಹಿಸಿಕೊಳ್ಳಬೇಕು.

ಈ ಕೆಲಸ ನನ್ನ ಪಾಲಿಗೆ ಬಂದದ್ದು ನೀರಿನ ದೆಸೆಯಿಂದ. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು ಎಂಬುದು ಹೊಸ ಮಾತಲ್ಲ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ತಕ್ಕ ನೀರಲ್ಲ. ವರ್ಷಗಟ್ಟಲೆ ಅದನ್ನೇ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿದುಕೊಳ್ಳುತ್ತವೆ. ನನ್ನ ಅಳಿಯ ಆ ಸೀಮೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಒಂದು ಬೇಸಗೆಯ ರಜೆಯಲ್ಲಿ ಅವರು ನನ್ನ ಮುಂದೆ ನಲವತ್ತೊಂದು ಸಾಲಿನ ಪಟ್ಟಿಯೊಂದನ್ನು ಇಟ್ಟರು. ಊರಿನ ಹೆಸರು, ಅಕ್ಷಾಂಶ, ರೇಖಾಂಶ, ಫ್ಲೋರೈಡಿನ ಪ್ರಮಾಣ. ಕೆಲವನ್ನು ಹುಡುಗರು ಫೋನು ಹಿಡಿದು ಬಾವಿಯ ಬಳಿಗೇ ಹೋಗಿ ಗುರುತುಹಾಕಿಕೊಂಡಿದ್ದರು; ಉಳಿದವು ಹಳೆಯ ದಫ್ತರದಿಂದ ಇಳಿಸಿಕೊಂಡವು. “ಮಾವ, ಇದನ್ನೊಂದು ನಕ್ಷೆ ಮಾಡಿಕೊಡಿ. ಅದನ್ನು ನೋಡಿ ಪಂಚಾಯಿತಿಯವರು ಕೆಟ್ಟ ನೀರಿನ ಬಾವಿಗಳಿಗೆ ಕೆಂಪು ಬಣ್ಣ ಬಳಿಯುತ್ತಾರಂತೆ” ಎಂದರು.

ಕ್ಯೂಜಿಐಎಸ್ ಎಂಬ ತಂತ್ರಾಂಶವಿದೆ. ೨೦೦೨ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಅದನ್ನು ಆರಂಭಿಸಿದರು. ಬಿಡಿಗಾಸಿನ ಖರ್ಚಿಲ್ಲದೆ ಯಾರು ಬೇಕಾದರೂ ಬಳಸಬಹುದು. ಮೊದಲು ಪಟ್ಟಿಯನ್ನು ಸಿಎಸ್‌ವಿ ಎಂಬ ರೂಪದಲ್ಲಿ ಉಳಿಸಿಕೊಳ್ಳಬೇಕು. ಅಂದರೆ ಒಂದು ಬಾವಿಗೆ ಒಂದು ಸಾಲು, ಕಲಮಿನಿಂದ ಕಲಮಿಗೆ ನಡುವೆ ಒಂದು ಅಲ್ಪವಿರಾಮ. ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಯುಟಿಎಫ್-೮ ಎಂಬ ಲಿಪಿಸಂಕೇತದಲ್ಲಿ ಉಳಿಸಿದರೆ ಅಕ್ಷರ ಕೆಡದು. ಆದರೆ ಈ ಪುಟದಲ್ಲಿ ಕಾಣುತ್ತಿರುವ ಕನ್ನಡದ ಅಂಕಿಗಳನ್ನು ಮಾತ್ರ ಅಲ್ಲಿ ಹಾಕಬೇಡಿ, ಇಂಗ್ಲಿಷಿನ ಅಂಕಿಗಳನ್ನೇ ಹಾಕಿ. ಕನ್ನಡದವನ್ನು ಯಂತ್ರ ಲೆಕ್ಕವೆಂದು ತಿಳಿಯದೆ ಬರಹವೆಂದು ಭಾವಿಸುತ್ತದೆ. ನನಗೆ ಇದರಿಂದ ಬೇಸರವಾಗುತ್ತದೆ, ಆದರೆ ಯಂತ್ರದೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಆಮೇಲೆ ‘ಲೇಯರ್’ ಎಂಬಲ್ಲಿ ‘ಆ್ಯಡ್ ಲೇಯರ್’, ಅದರೊಳಗೆ ‘ಡಿಲಿಮಿಟೆಡ್ ಟೆಕ್ಸ್ಟ್’ ಎಂಬುದನ್ನು ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಪಟ್ಟಿಯನ್ನು ತೋರಿಸಿದೊಡನೆ ಅದು ಎರಡು ಪ್ರಶ್ನೆ ಕೇಳುತ್ತದೆ: ಎಕ್ಸ್ ಯಾವ ಕಲಮು, ವೈ ಯಾವ ಕಲಮು?

ಇಲ್ಲಿಯೇ ನಾನು ಎಡವಿದ್ದು. ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಯಂತ್ರವಾದರೋ ಶಾಲೆಯ ಗ್ರಾಫ್ ಕಾಗದದಂತೆ ಅಡ್ಡದ ಅಳತೆಯನ್ನು ಮೊದಲು ಕೇಳುತ್ತದೆ. ಅಡ್ಡದ ಅಳತೆಯೆಂದರೆ ರೇಖಾಂಶ, ಅದೇ ಎಕ್ಸ್. ನಾನು ಅದಲುಬದಲು ಮಾಡಿದೆ. ೧೪ ಡಿಗ್ರಿ ಬಡಗಣಕ್ಕೆ, ೭೭ ಡಿಗ್ರಿ ಮೂಡಣಕ್ಕೆ ಇರಬೇಕಾದ ಪಾವಗಡದ ಬಾವಿಗಳು ೭೭ ಡಿಗ್ರಿ ಬಡಗಣಕ್ಕೆ ಹೋಗಿ, ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಗಳ ಅಂಚಿನಲ್ಲಿ, ಹಿಮಕರಡಿಗಳ ಸೀಮೆಯಲ್ಲಿ ಕುಳಿತವು. ಅಳಿಯಂದಿರು ನಗಲಿಲ್ಲ, ಮಾವನೆಂಬ ಮರ್ಯಾದೆ.

ಸರಿಪಡಿಸಿದ ಮೇಲೆ ಮೂವತ್ತೆಂಟು ಬಾವಿಗಳು ತಮ್ಮ ಸೀಮೆಗೆ ಮರಳಿದವು. ಉಳಿದ ಮೂರು ಆಫ್ರಿಕದ ಪಡುವಣದ ಗಿನಿ ಕೊಲ್ಲಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅಳತೆ ಸಿಗದ ಕಡೆ ಯಾರೋ ಸೊನ್ನೆ ಬರೆದಿದ್ದರು. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಕೂಡುವುದು ಆ ಕಡಲಿನಲ್ಲಿ. ಜಗತ್ತಿನ ಎಷ್ಟೋ ಪಟ್ಟಿಗಳ ಸೊನ್ನೆಗಳು ಅಲ್ಲಿಗೇ ಹೋಗಿ ಸೇರುವುದರಿಂದ ನಕ್ಷೆಯವರು ತಮಾಷೆಗೆ ಆ ಜಾಗಕ್ಕೆ ‘ನಲ್ ಐಲೆಂಡ್’ ಎಂದು ಹೆಸರಿಟ್ಟಿದ್ದಾರೆ. ತಿಳಿಯದಿದ್ದರೆ ಕಲಮನ್ನು ಖಾಲಿ ಬಿಡಬೇಕು. ಸೊನ್ನೆಯೂ ಒಂದು ಉತ್ತರವೇ.

ಇನ್ನು ಆ ಕಿಟಕಿ ಕೇಳುವ ಮೂರನೆಯ ಪ್ರಶ್ನೆ, ಈ ಅಂಕಿಗಳನ್ನು ಭೂಮಿಯ ಯಾವ ಆಕಾರದ ಮೇಲೆ ಅಳೆದದ್ದು ಎಂಬುದು. ಭೂಮಿ ಒಂದೇ ಆದರೂ ಅದರ ಆಕಾರದ ಲೆಕ್ಕ ಹಲವು. ೧೮೦೦ರಲ್ಲಿ ಬೆಂಗಳೂರಿನ ಬಳಿ ಸರಪಣಿ ಎಳೆದು ಆಧಾರರೇಖೆ ಅಳೆದ ಲ್ಯಾಂಬ್ಟನ್ ಸಾಹೇಬರ ಕೆಲಸವನ್ನು ಮುಂದುವರಿಸಿದ ಎವರೆಸ್ಟ್ ಸಾಹೇಬರು ೧೮೩೦ರಲ್ಲಿ ಕಟ್ಟಿದ ಲೆಕ್ಕದ ಮೇಲೆ ನಮ್ಮ ಹಳೆಯ ಸರ್ವೆ ನಕ್ಷೆಗಳು ನಿಂತಿವೆ. ಫೋನಿನಲ್ಲಿ ಸಿಗುವ ಅಂಕಿಗಳದು ೧೯೮೪ರ ಲೆಕ್ಕ. ಅವಕ್ಕೆ ಇಪಿಎಸ್‌ಜಿ ೪೩೨೬ ಎಂಬ ಪದ್ಧತಿಯನ್ನು ಆರಿಸಬೇಕು. ಒಂದನ್ನು ಇನ್ನೊಂದೆಂದು ತಿಳಿದರೆ ನಮ್ಮ ಕಡೆ ಚುಕ್ಕೆ ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ. ಊರನ್ನು ಗುರುತಿಸಲು ಅದು ಪರವಾಗಿಲ್ಲ. ಬಾವಿಯನ್ನು ಗುರುತಿಸಲು ಸಾಲದು.

ಕಡಲಿಗೆ ಬಿದ್ದ ಚುಕ್ಕೆಯಿಂದ ಯಾರಿಗೂ ಕೇಡಿಲ್ಲ, ಅದು ತಾನೇ ತಾನಾಗಿ ಸಿಕ್ಕಿಬೀಳುತ್ತದೆ. ಕೇಡಿರುವುದು ಪಕ್ಕದ ಊರಿಗೆ ಬಿದ್ದ ಚುಕ್ಕೆಯಿಂದ. ಕೆಂಪು ಚುಕ್ಕೆಗಳಿದ್ದ ಆ ನಕ್ಷೆಯನ್ನು ಅಚ್ಚುಹಾಕಿಸಿ ಶಾಲೆಯ ಗೋಡೆಗೆ ಅಂಟಿಸಿದ್ದರು. ಪಂಚಾಯಿತಿಗೆ ಕೊಡುವುದಕ್ಕೆ ಎರಡು ದಿನವಿತ್ತು. ಬಿಸಿಯೂಟದ ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿ, “ಇದೇನ್ ಮೇಷ್ಟ್ರೇ, ನಮ್ಮೂರ ಕೆರೆ ಅಂಗ್ಳದಾಗೆ ಬೋರು ಯಾವಾಗ ಕೊರೆಸಿದ್ರು?” ಎಂದರಂತೆ.

ಹುಡುಕಿದರೆ ಸಂಗತಿ ಹೀಗಿತ್ತು. ಹಳೆಯ ದಫ್ತರದಲ್ಲಿ ಆ ಬಾವಿಯ ಅಕ್ಷಾಂಶ ೧೪ ಡಿಗ್ರಿ ೬ ಮಿನಿಟು ಎಂದಿತ್ತು. ಇಳಿಸಿಕೊಂಡವರು ರೇಖಾಂಶವನ್ನು ಸರಿಯಾಗಿ ದಶಾಂಶಕ್ಕೆ ತಿರುಗಿಸಿ, ಅಕ್ಷಾಂಶವನ್ನು ಮಾತ್ರ ಮರೆತು ೧೪.೦೬ ಎಂದು ಬರೆದಿದ್ದರು. ಡಿಗ್ರಿಗೆ ಅರವತ್ತು ಮಿನಿಟು. ಆರು ಮಿನಿಟೆಂದರೆ ಡಿಗ್ರಿಯ ಹತ್ತನೆಯ ಒಂದು ಪಾಲು. ಇರಬೇಕಾದದ್ದು ೧೪.೧೦. ವ್ಯತ್ಯಾಸ ೦.೦೪. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು ೧೧೧ ಕಿಲೋಮೀಟರಾದ್ದರಿಂದ, ಬಾವಿ ತೆಂಕಣಕ್ಕೆ ನಾಲ್ಕೂವರೆ ಕಿಲೋಮೀಟರು ಸರಿದು ಅಡುಗೆಯಮ್ಮನ ಊರಿನ ಕೆರೆಯೊಳಗೆ ಹೋಗಿತ್ತು. ಆ ಬಾವಿಯ ಫ್ಲೋರೈಡು ೩.೨. ನಕ್ಷೆ ಹಾಗೆಯೇ ಹೋಗಿದ್ದರೆ ಈ ಊರಿನವರು ತಮ್ಮ ಒಳ್ಳೆಯ ನೀರನ್ನು ಬಿಟ್ಟು ಟ್ಯಾಂಕರು ಕಾಯುತ್ತಿದ್ದರು. ಆ ಊರಿನ ಮಕ್ಕಳು ಅದೇ ನೀರನ್ನು ಕುಡಿಯುತ್ತಿದ್ದರು. ಅಂದಿನಿಂದ ನಾನು ಚುಕ್ಕೆಗಳ ಕೆಳಗೆ ಊರಿನ ಎಲ್ಲೆಗಳ ನಕ್ಷೆಯನ್ನೋ ಆಕಾಶದಿಂದ ತೆಗೆದ ಚಿತ್ರವನ್ನೋ ಹಾಸಿ, ಒಂದೊಂದು ಚುಕ್ಕೆಯೂ ಪಟ್ಟಿಯಲ್ಲಿರುವ ಊರಿನೊಳಗೇ ಇದೆಯೇ ಎಂದು ನೋಡದೆ ಅಚ್ಚಿಗೆ ಕೊಡುವುದಿಲ್ಲ.

ನಕ್ಷೆ ಸರಿಯಾದ ಮೇಲೆ ಅದನ್ನು ಓದುವ ಕೆಲಸ. ೧೮೫೪ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದ ಸಂಗತಿಯನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಗುರುತುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಗುರುತು ತೀರ ವಿರಳವಾಗಿದ್ದ ಜಾಗ. ಪಂಪಿನ ಹತ್ತಿರವೇ ಐನೂರಕ್ಕೂ ಹೆಚ್ಚು ಬಡವರಿದ್ದ ಒಂದು ‘ವರ್ಕ್‌ಹೌಸ್’ ಇತ್ತು. ಅಲ್ಲಿ ಸತ್ತವರು ಐದೇ ಮಂದಿ. ಯಾಕೆಂದು ಸ್ನೋ ಹೋಗಿ ಕೇಳಿದ. ಅವರಿಗೆ ಅಂಗಳದಲ್ಲೇ ಬೇರೆ ಬಾವಿಯಿತ್ತು.

ನಮ್ಮ ನಕ್ಷೆಯಲ್ಲೂ ಮೂಡಣ ಮೂಲೆಯಲ್ಲಿ ಅಂಗೈಯಷ್ಟು ಜಾಗ ಬರಿದಾಗಿತ್ತು. ಅಲ್ಲಿ ನೀರು ಒಳ್ಳೆಯದು ಎಂದು ನೋಡಿದವರೆಲ್ಲ ಹೇಳಿದರು. ಅಳಿಯಂದಿರಿಗೆ ಸಂಶಯ. ಮರುವಾರ ಇಬ್ಬರು ಹುಡುಗರನ್ನು ಕರೆದುಕೊಂಡು, ಫೋನನ್ನೂ ನೀರು ತುಂಬುವ ಸೀಸೆಗಳನ್ನೂ ಹಿಡಿದು ಬಸ್ಸು ಹೋಗದ ಆ ದಾರಿಯಲ್ಲಿ ನಡೆದು ಹೋದರು. ಅಲ್ಲಿ ಐದು ಬಾವಿಗಳಿದ್ದವು. ಅಳೆಯಲು ಯಾರೂ ಹೋಗಿರಲಿಲ್ಲ, ಅಷ್ಟೆ. ಈಗ ಪಟ್ಟಿಯಲ್ಲಿ ನಲವತ್ತಾರು ಸಾಲುಗಳಿವೆ. ಹೊಸ ಐದರಲ್ಲಿ ಮೂರು ಕೆಂಪು.