ಸೂಚಕಗಳು ಸುಳ್ಳಾಡಿದಾಗ



ಹಬ್ಬಕ್ಕೆಂದು ವಿಮಾನವೇರಿ ಬಂದ ಮಕ್ಕಳು ಇಂದು ನಮ್ಮಲ್ಲಿ ಅನೇಕರ ಮನೆಯಲ್ಲಿದ್ದಾರೆ. ಅವರು ಹೊಸ್ತಿಲು ದಾಟುವವರೆಗೂ ನಮಗೆ ನೆಮ್ಮದಿಯಿಲ್ಲ. 2009ರ ಮೇ 31ರಂದು ಸಹ ಪೆಂತೆಕೋಸ್ತ್ ಹಬ್ಬವೇ. ಅಂದು ಸಂಜೆ ಬ್ರೆಜಿಲ್‌ನ ರಿಯೋ ಡಿ ಜನೈರೊದಿಂದ ಏರ್ ಫ್ರಾನ್ಸ್ 447 ವಿಮಾನವು 228 ಮಂದಿಯನ್ನು ಹೊತ್ತು ಪ್ಯಾರಿಸಿಗೆ ಹೊರಟಿತು. ಅವರಿಗಾಗಿಯೂ ಮನೆಯವರು ಕಾಯುತ್ತಿದ್ದರು.

ಅಟ್ಲಾಂಟಿಕ್ ಸಾಗರದ ಮೇಲೆ, 35,000 ಅಡಿ ಎತ್ತರದ ಕತ್ತಲಲ್ಲಿ, ಗಾಳಿಯ ಒತ್ತಡದಿಂದ ವೇಗವನ್ನು ಅಳೆಯುವ ಪುಟ್ಟ ಪಿಟೋ ಕೊಳವೆಗಳಿಗೆ ಹಿಮದ ಹರಳುಗಳು ತುಂಬಿಕೊಂಡವು. ವೇಗದ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕಂಪ್ಯೂಟರು ಯಾವುದನ್ನು ನಂಬುವುದೆಂದು ತಿಳಿಯದೆ ಸ್ವಯಂಚಾಲನೆಯನ್ನು ಬಿಟ್ಟುಕೊಟ್ಟಿತು. 'ಇನ್ನು ನೀವೇ ನೋಡಿಕೊಳ್ಳಿ' ಎಂದಂತೆ!

ಆಗ ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ಚಾಲಕರ ಕೋಣೆಯಲ್ಲಿ ಇಬ್ಬರು ಸಹಚಾಲಕರಿದ್ದರು. ಇಂಥ ಹೊತ್ತಿಗೆಂದೇ ಒಂದು ಕ್ರಮವಿದೆ: ಸುಳ್ಳಾಡುವ ಅಂಕಿಯನ್ನು ಬದಿಗಿಟ್ಟು, ಗೊತ್ತಿರುವ ಎರಡನ್ನು ಹಿಡಿದುಕೊಳ್ಳಬೇಕು. ಒಂದು, ವಿಮಾನದ ಮೂತಿಯ ಕೋನ. ಇನ್ನೊಂದು, ಎಂಜಿನ್ನಿನ ಶಕ್ತಿ. ಅವೆರಡೂ ಸರಿಯಿದ್ದರೆ ವಿಮಾನ ಹಾರುತ್ತಲೇ ಇರುತ್ತದೆ. ಆದರೆ ಗಾಬರಿಯಲ್ಲಿ ಒಬ್ಬರು ಮೂತಿಯನ್ನು ಮೇಲಕ್ಕೆತ್ತಿದರು. ವಿಮಾನ ಸುಮಾರು 38,000 ಅಡಿಗೇರಿ, ವೇಗ ಕಳೆದುಕೊಂಡು, ರೆಕ್ಕೆಗಳ ಹಿಡಿತ ತಪ್ಪಿ ಬೀಳತೊಡಗಿತು. ಎಚ್ಚರಿಕೆಯ ಗಂಟೆ 54 ಸೆಕೆಂಡು ಎಡೆಬಿಡದೆ ಕೂಗಿತು. ಕ್ಯಾಪ್ಟನ್ ಓಡಿ ಬಂದರು. ಆದರೂ 'ರೆಕ್ಕೆಗಳು ಹಿಡಿತ ಕಳೆದುಕೊಂಡಿವೆ' ಎಂದು ಮೂವರಲ್ಲಿ ಯಾರೂ ಗುರುತಿಸಿ ಹೇಳಲಿಲ್ಲ. ಸ್ವಯಂಚಾಲನೆ ನಿಂತ ನಾಲ್ಕೂವರೆ ನಿಮಿಷದೊಳಗೆ ಎಲ್ಲವೂ ಮುಗಿದಿತ್ತು. ಒಬ್ಬರೂ ಉಳಿಯಲಿಲ್ಲ.

2011ರಲ್ಲಿ ಸುಮಾರು 3,900 ಮೀಟರ್ ಆಳದ ಸಮುದ್ರತಳದಿಂದ ದಾಖಲೆಯ ಪೆಟ್ಟಿಗೆಗಳನ್ನು ಮೇಲೆತ್ತಿದರು. 2012ರ ತನಿಖಾ ವರದಿ ಹೇಳಿದ್ದು ಕೇಳಿ: ಕೊಳವೆಗಳು ಕಟ್ಟಿಕೊಂಡದ್ದು ಒಂದು ನಿಮಿಷಕ್ಕೂ ಕಡಿಮೆ ಕಾಲ! ಹಿಮ ಕರಗಿತ್ತು; ಗಾಬರಿ ಕರಗಲಿಲ್ಲ.

ಆ ಚಾಲಕರನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಅಷ್ಟು ಎತ್ತರದಲ್ಲಿ ಇಂಥ ಸ್ಥಿತಿಯನ್ನು ನಿಭಾಯಿಸುವ ತರಬೇತಿಯೇ ಅವರಿಗೆ ಸಿಕ್ಕಿರಲಿಲ್ಲ. ಆ ಬಳಿಕ ಕೊಳವೆಗಳನ್ನೂ ಬದಲಿಸಿದರು, ತರಬೇತಿಯನ್ನೂ ತಿದ್ದಿದರು. ಇಂದು ನಾವು ನಿಶ್ಚಿಂತೆಯಿಂದ ಹಾರುವುದರ ಹಿಂದೆ ಆ 228 ಜೀವಗಳ ಬೆಲೆಯೂ ಇದೆ.

ನಮ್ಮ ಮನೆಗಳಲ್ಲೂ ಸೂಚಕಗಳು ಸುಳ್ಳಾಡುತ್ತವೆ. ಯಾರೋ ಹೇಳಿದ ಮಾತು, ಮೊಬೈಲಿಗೆ ಬಂದ ಸುದ್ದಿ, ಮಗಳ ಒಂದು ದಿನದ ಸಿಟ್ಟು. ಅದು ಒಂದು ನಿಮಿಷದ ಹಿಮ. ಆಗ ನಾವು ದುಡುಕಿ ಕೈಹಾಕಿದರೆ ಬೀಳುವುದು ಇಡೀ ಮನೆ. ಇಷ್ಟು ವರ್ಷ ಕಂಡು ತಿಳಿದ ಪ್ರೀತಿಯನ್ನು ಹಿಡಿದುಕೊಂಡು, ಪಕ್ಕದಲ್ಲಿರುವವರೊಡನೆ ಬಾಯಿಬಿಟ್ಟು ಮಾತಾಡೋಣ. ಹಬ್ಬದ ಈ ದಿನ ಅಂಥ ವಿವೇಕವನ್ನು ಬೇಡೋಣ.